ಮೂರು ಒಂಬತ್ತುಗಳ ಬೇಹುಗಾರ



ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಪಾಠ ಹೇಳಿದವನೊಬ್ಬ ಆಕಾಶವಾಣಿಯ ಧ್ವನಿವರ್ಧಕದ ಮುಂದೆ ಕುಳಿತರೆ, ಪಂಪನನ್ನು ಕುರಿತೋ ಬಸವಣ್ಣನವರನ್ನು ಕುರಿತೋ ಮಾತನಾಡುವನೆಂದು ನೀವು ನಿರೀಕ್ಷಿಸುವುದು ಸಹಜ. ನಾನು ಇಂದು ಆರಿಸಿಕೊಂಡಿರುವ ವಿಷಯವನ್ನು ಕೇಳಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರು, "ನಿವೃತ್ತಿಯಾದ ಮೇಲೆ ಮನುಷ್ಯ ಸ್ವತಂತ್ರನಾಗುತ್ತಾನೆ, ನಿಜ; ಆದರೆ ಇಷ್ಟೊಂದೆ?" ಎಂದು ನಕ್ಕರು. ವಿಷಯವೆಂದರೆ ಸಿ.ಐ.ಡಿ. 999. 1968ರಿಂದ 1978ರವರೆಗಿನ ಹತ್ತು ವರ್ಷಗಳಲ್ಲಿ ನಾಲ್ಕು ಬಾರಿ ಕನ್ನಡದ ಬೆಳ್ಳಿತೆರೆಗೆ ಬಂದು ಹೋದ ಗೂಢಚಾರ. 'ಜೇಡರ ಬಲೆ', 'ಗೋವಾದಲ್ಲಿ ಸಿ.ಐ.ಡಿ. 999', 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಕೊನೆಗೆ 'ಆಪರೇಷನ್ ಡೈಮಂಡ್ ರಾಕೆಟ್'. ನಾಲ್ಕಕ್ಕೂ ನಿರ್ದೇಶಕರು ದೊರೈ–ಭಗವಾನ್ ಜೋಡಿ. ನಾಲ್ಕಕ್ಕೂ ನಾಯಕರು ರಾಜ್‌ಕುಮಾರ್.

ಈ ಚಿತ್ರಗಳನ್ನು ನಾನು ಮೊದಲು ಪ್ರೀತಿಸಿದೆ; ಆಮೇಲೆ ಅವುಗಳ ಬಗ್ಗೆ ನಾಚಿಕೊಂಡೆ. ಈಗ ಎರಡನ್ನೂ ಬದಿಗಿರಿಸಿ, ಅವುಗಳಲ್ಲಿ ಗಟ್ಟಿಯಾದದ್ದು ಯಾವುದು, ಜೊಳ್ಳು ಯಾವುದು ಎಂದು ಕೇರಿ ನೋಡುವ ವಯಸ್ಸಾಗಿದೆ.

ನಾನು 'ಜೇಡರ ಬಲೆ'ಯನ್ನು ನೋಡಿದ್ದು ಅದು ಬಿಡುಗಡೆಯಾದ 1968ರಲ್ಲಲ್ಲ. ಆಗ ಹೊಸ ಚಿತ್ರಗಳು ಬೆಂಗಳೂರು, ಹುಬ್ಬಳ್ಳಿಗಳನ್ನು ದಾಟಿ ವಿಜಾಪುರಕ್ಕೆ ಬಂದು, ಅಲ್ಲಿಂದ ಸವೆದ ಪ್ರತಿಯಾಗಿ ಹಳ್ಳಿಯ ಡೇರೆಗೆ ತಲುಪಲು ವರ್ಷಗಳೇ ಹಿಡಿಯುತ್ತಿದ್ದವು. ನಾನು ನೋಡಿದ್ದು ತಿಕೋಟಾದಲ್ಲಿ, 1972ರ ಬರಗಾಲದಲ್ಲಿ, ಒಂದು ಟೂರಿಂಗ್ ಟಾಕೀಸಿನ ನೆಲದ ಮೇಲೆ ಕುಳಿತು. ನನಗೆ ಆಗ ಹದಿಮೂರು ವರ್ಷ. ಬಾವಿಗಳು ತಳ ಕಂಡಿದ್ದವು; ಜೋಳದ ಹಗೇವುಗಳು ಬರಿದಾಗಿದ್ದವು; ಹಗಲೆಲ್ಲ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು ಬಂದ ಜನ ರಾತ್ರಿ ಡೇರೆಗೆ ಬರುತ್ತಿದ್ದರು. ಹೊಟ್ಟೆಗಿಲ್ಲದ ಕಾಲದಲ್ಲಿ ಸಿನಿಮಾಕ್ಕೆ ದುಡ್ಡು ಎಲ್ಲಿಂದ ಬಂತೆಂದು ಇಂದಿನವರು ಕೇಳಬಹುದು. ಹೊಟ್ಟೆಗಿಲ್ಲದಾಗಲೇ ಅದು ಬೇಕಾಗುತ್ತದೆಂಬುದು ಬರವನ್ನು ಕಂಡವರಿಗೆ ಗೊತ್ತು.

ಚಿತ್ರದ ಕಥೆ ಸರಳ. ಒಬ್ಬ ವಿಜ್ಞಾನಿ ಕೀಳು ಲೋಹವನ್ನು ಚಿನ್ನವಾಗಿ ಮಾಡುವ ಸೂತ್ರವನ್ನು ಕಂಡುಹಿಡಿಯುತ್ತಾನೆ. ಅದರ ಹಿಂದೆ ದುಷ್ಟರು ಬೀಳುತ್ತಾರೆ. ಅವರ ಹಿಂದೆ ನಮ್ಮ 999, ಅಂದರೆ ಪ್ರಕಾಶ್, ಬೀಳುತ್ತಾನೆ. ಪರುಷಮಣಿಯ ಕನಸು ನಮಗೆ ಹೊಸದಲ್ಲ; ವಚನಕಾರರಿಗೂ ರಸವಾದಿಗಳಿಗೂ ಪರಿಚಿತವಾದದ್ದೇ. ಆದರೆ ಆ ಚಿತ್ರ ಬಂದ ಕಾಲವನ್ನು ನೆನೆಯಬೇಕು. 1963ರಲ್ಲಿ ಕೇಂದ್ರ ಸರ್ಕಾರ ಚಿನ್ನದ ನಿಯಂತ್ರಣದ ನಿಯಮಗಳನ್ನು ತಂದು, ಹದಿನಾಲ್ಕು ಕ್ಯಾರಟ್ಟಿಗಿಂತ ಹೆಚ್ಚು ಶುದ್ಧತೆಯ ಒಡವೆಯನ್ನು ಹೊಸದಾಗಿ ಮಾಡಕೂಡದೆಂದು ವಿಧಿಸಿತ್ತು. ದೇಶದ ತುಂಬ ಅಕ್ಕಸಾಲಿಗರ ಕುಲುಮೆಗಳು ಆರಿದವು. ಆ ಕಟ್ಟು ಕೆಲವು ವರ್ಷಗಳಲ್ಲಿ ಸಡಿಲವಾಯಿತಾದರೂ 1968ರಲ್ಲಿ ಚಿನ್ನ ನಿಯಂತ್ರಣದ ಕಾಯಿದೆಯೇ ಬಂತು. ಅದು ರದ್ದಾದದ್ದು 1990ರಲ್ಲಿ. ಹೀಗೆ ಚಿನ್ನವೆಂಬುದು ಕಳ್ಳಸಾಗಣೆಯ, ಲೆಕ್ಕಪತ್ರದ, ತಪಾಸಣೆಯ ವಸ್ತುವಾಗಿದ್ದ ದಿನಗಳಲ್ಲಿ ಚಿನ್ನವನ್ನು ತಯಾರಿಸುವ ಸೂತ್ರದ ಕಥೆ ಬಂತು.

ನಮ್ಮ ಓಣಿಯಲ್ಲಿ ವೃದ್ಧ ಅಕ್ಕಸಾಲಿಗರೊಬ್ಬರಿದ್ದರು. ಕೆಲಸ ಹೋಗಿ, ಹಿತ್ತಾಳೆಯ ಗೆಜ್ಜೆಗಳಿಗೆ ಬೆಸುಗೆ ಹಾಕಿಕೊಂಡು ಬದುಕುತ್ತಿದ್ದರು. ಅಂದು ಡೇರೆಯಲ್ಲಿ ಅವರು ನನ್ನ ಪಕ್ಕದಲ್ಲಿಯೇ ಕುಳಿತಿದ್ದರು. ಚಿನ್ನದ ಸೂತ್ರದ ಮಾತು ಬಂದಾಗ ಜನ ಸಿಳ್ಳು ಹೊಡೆದರು. ಅವರು ಮಾತ್ರ ನನ್ನ ಕಡೆ ಬಾಗಿ, "ಬಂಗಾರ ಮಾಡೂದು ಏನ್ ದೊಡ್ಡ ಮಾತೋ ತಮ್ಮಾ, ಮಾಡಿದ ಬಂಗಾರಕ್ಕ ಲೆಕ್ಕಾ ಕೊಡೂದು ಕಠಿಣ ಐತಿ" ಎಂದರು. ಇಡೀ ಚಿತ್ರದಲ್ಲಿ ಇಷ್ಟು ತೂಕದ ಒಂದು ಸಂಭಾಷಣೆ ಇರಲಿಲ್ಲವೆಂದು ಈಗ ಅನಿಸುತ್ತದೆ. ಅಂದು ನಾನು ಅವರನ್ನು ಸುಮ್ಮನಿರಿ ಎಂದೆ. ತೆರೆಯ ಮೇಲೆ ಪಿಸ್ತೂಲು ಹಾರುವುದಿತ್ತು.

ಗುಣಗಳನ್ನು ಮೊದಲು ಹೇಳುವೆ. 1968ರವರೆಗೆ ನಮ್ಮ ಕಣ್ಣಿಗೆ ರಾಜ್‌ಕುಮಾರ್ ಎಂದರೆ ಬೇಡರ ಕಣ್ಣಪ್ಪ, ರಣಧೀರ ಕಂಠೀರವ, ಕನಕದಾಸ, ಕಬೀರ. ಕಿರೀಟ, ಕಚ್ಚೆ, ಜಪಮಾಲೆಗಳಲ್ಲಿ ಕಂಡ ವ್ಯಕ್ತಿ ಸೂಟು ತೊಟ್ಟು, ಪ್ರಯೋಗಾಲಯದಲ್ಲಿಯೂ ಕ್ಲಬ್ಬಿನಲ್ಲಿಯೂ ಓಡಾಡಿ, ಎಲ್ಲೆಡೆಯೂ ಕನ್ನಡದಲ್ಲಿಯೇ ಮಾತನಾಡಿದರು. ಇದು ಸಣ್ಣ ಸಂಗತಿಯಲ್ಲ. ನಮ್ಮ ರಾಜ್ಯಕ್ಕೆ ಆಗಿನ್ನೂ ಮೈಸೂರು ಎಂದೇ ಹೆಸರು. ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರಿನಲ್ಲಿ. ಮುಂಬಯಿ ಪ್ರಾಂತದಿಂದ ಬಂದ ವಿಜಾಪುರದಲ್ಲಿ ಆಧುನಿಕನೆಂದರೆ ಹಿಂದಿಯವನು, ವ್ಯವಹಾರಸ್ಥನೆಂದರೆ ಮರಾಠಿಯವನು ಎಂಬ ಭಾವನೆ ಬೇರೂರಿತ್ತು. ಕನ್ನಡವು ಪುರಾಣಕ್ಕೆ, ಭಕ್ತಿಗೆ, ಹಂತಿಯ ಹಾಡಿಗೆ ಸರಿ; ವಿಮಾನಕ್ಕೂ ದೂರವಾಣಿಗೂ ಸಲ್ಲದು ಎಂದು ನಾವೇ ನಂಬಿದ್ದೆವು. ಆ ನಂಬಿಕೆಯನ್ನು ಯಾವ ಭಾಷಣವೂ ಕದಲಿಸದಷ್ಟು ಈ ಹಗುರ ಚಿತ್ರಗಳು ಕದಲಿಸಿದವು.

ಎರಡನೆಯದು ಆ ನಟನ ಸಂಯಮ. ಮೂಲಮಾದರಿ ಯಾವುದೆಂಬುದು ಗುಟ್ಟೇನಲ್ಲ. 1962ರಲ್ಲಿ 'ಡಾಕ್ಟರ್ ನೋ' ಮೂಲಕ ತೆರೆಗೆ ಬಂದ ಜೇಮ್ಸ್ ಬಾಂಡನಿಗೆ ಮೂರಂಕಿಯ ಬಿರುದಿತ್ತು, ಇವನಿಗೂ ಇದೆ. ಬ್ರಿಟನ್ನಿನಲ್ಲಿ 999 ಎಂಬುದು 1937ರಿಂದಲೂ ಆಪತ್ತಿನಲ್ಲಿ ಪೊಲೀಸರನ್ನು ಕರೆಯುವ ದೂರವಾಣಿ ಸಂಖ್ಯೆ. ಅದನ್ನು ನೆನೆದೇ ಇಟ್ಟರೋ, ಒಂಬತ್ತಕ್ಕಿಂತ ದೊಡ್ಡ ಅಂಕಿ ಇಲ್ಲವೆಂದು ಇಟ್ಟರೋ, ಯಾರು ಬಲ್ಲರು! ಬಾಂಡನ ಮದ್ಯವನ್ನೂ ಸ್ತ್ರೀಲೋಲತೆಯನ್ನೂ ಬಹುಮಟ್ಟಿಗೆ ಕಳಚಿ, ಅವನ ಚುರುಕುತನವನ್ನಷ್ಟೇ ಇಟ್ಟುಕೊಂಡು, ಮನೆಮಂದಿಯೆಲ್ಲ ಕುಳಿತು ನೋಡಬಹುದಾದ ಗೂಢಚಾರನನ್ನು ಇವರು ಮಾಡಿದರು. ಜಿ.ಕೆ. ವೆಂಕಟೇಶರ ಸಂಗೀತ, ಕಪ್ಪುಬಿಳುಪಿನ ನೆರಳಾಟ, ನಡುನಡುವೆ ನರಸಿಂಹರಾಜು ಅವರ ನಗೆ—ಇವೆಲ್ಲ ಸೇರಿ ಚಿತ್ರ ಎಲ್ಲಿಯೂ ತೂಕಡಿಸುವುದಿಲ್ಲ.

ಇಲ್ಲಿ ಒಂದು ಅಭಿಮಾನದ ಮಾತನ್ನು ತಿದ್ದಬೇಕಾಗಿದೆ. ಭಾರತದಲ್ಲಿ ಬಾಂಡ್ ಮಾದರಿಯ ಮೊಟ್ಟಮೊದಲ ಚಿತ್ರ ನಮ್ಮದೇ ಎಂದು ಹಲವರು ಹೇಳುವುದುಂಟು. ತೆಲುಗಿನಲ್ಲಿ ಕೃಷ್ಣ ಅಭಿನಯಿಸಿದ 'ಗೂಢಚಾರಿ 116' ಬಂದದ್ದು 1966ರಲ್ಲಿ. ಅದೇ ಕಥೆ 1967ರಲ್ಲಿ ಜಿತೇಂದ್ರರ 'ಫರ್ಜ್' ಆಗಿ ಹಿಂದಿಗೆ ಹೋಯಿತು. ಮೊದಲನೆಯದಾಗದೆಯೂ ಒಂದು ಕೃತಿ ಚೆನ್ನಾಗಿರಬಹುದು. ಆದರೆ ಒಂದೇ ಗೂಢಚಾರನನ್ನು, ಒಂದೇ ನಟ, ಒಂದೇ ನಿರ್ದೇಶಕ ಜೋಡಿ ಹತ್ತು ವರ್ಷ ಸಾಕಿ ನಾಲ್ಕು ಚಿತ್ರಗಳಿಗೆ ಬೆಳೆಸಿದ್ದು ಆ ಕಾಲದ ಭಾರತೀಯ ಚಿತ್ರರಂಗದಲ್ಲಿ ಸಾಮಾನ್ಯ ಸಂಗತಿಯಲ್ಲ. ಹೊಗಳುವುದಾದರೆ ಅದನ್ನು ಹೊಗಳೋಣ.

ಇನ್ನು ದೋಷಗಳು. ಇಲ್ಲಿ ನಾನು ಸಾಹಿತ್ಯದ ಅಧ್ಯಾಪಕನಾಗಿಯೇ ಮಾತನಾಡಬೇಕು.

ಕನ್ನಡದಲ್ಲಿ 'ಬೇಹು' ಎಂಬ ಸೊಗಸಾದ ಮಾತಿದೆ. ಬೇಹುಗಾರ ಎಂದರೆ ಮುಖ್ಯವಾಗಿ ನೋಡುವವನು, ಕೇಳುವವನು, ಕಂಡದ್ದನ್ನು ಕಂಡಂತೆ ತಂದು ಹೇಳುವವನು. ಭಾರವಿಯ 'ಕಿರಾತಾರ್ಜುನೀಯ' ಆರಂಭವಾಗುವುದೇ ಒಬ್ಬ ಬೇಹುಗಾರನಿಂದ. ಬ್ರಹ್ಮಚಾರಿಯ ವೇಷದಲ್ಲಿ ಹೋಗಿ ದುರ್ಯೋಧನನ ಆಡಳಿತವನ್ನು ನೋಡಿಕೊಂಡು ಬಂದ ವನಚರ, ಧರ್ಮರಾಯನ ಮುಂದೆ ನಿಂತು ಶತ್ರು ಚೆನ್ನಾಗಿ ರಾಜ್ಯವಾಳುತ್ತಿದ್ದಾನೆಂಬ ಕಹಿ ಸತ್ಯವನ್ನು ಹೇಳುತ್ತಾನೆ. ಒಡೆಯನಿಗೆ ಇಷ್ಟವಾದದ್ದನ್ನಲ್ಲ, ಇದ್ದದ್ದನ್ನು ಹೇಳುವ ಎದೆಗಾರಿಕೆಯೇ ಅವನ ಶೌರ್ಯ. ಕೌಟಿಲ್ಯನ ಪಟ್ಟಿಯಲ್ಲಿಯೂ ನೋಡಿ: ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸ. ವಿದ್ಯಾರ್ಥಿ, ಸನ್ಯಾಸ ಬಿಟ್ಟವನು, ಒಕ್ಕಲಿಗ, ವ್ಯಾಪಾರಿ, ತಪಸ್ವಿ. ಇವರಲ್ಲಿ ಯಾರೂ ಕಣ್ಣು ಕುಕ್ಕುವಂಥವರಲ್ಲ. ಎಲ್ಲರೂ ಜನಸಂದಣಿಯಲ್ಲಿ ಕರಗಿಹೋಗುವವರು.

ನಮ್ಮ 999 ಕರಗುವವನಲ್ಲ. ಅವನು ಕೋಣೆಗೆ ಕಾಲಿಟ್ಟರೆ ಗೋಡೆಯೂ ಗುರುತಿಸುತ್ತದೆ. ಅವನು ಹಾಡುತ್ತಾನೆ, ಹೊಡೆಯುತ್ತಾನೆ, ಕೇಳಿಸಿಕೊಳ್ಳುವುದು ಕಡಿಮೆ. ಅವನು ಬೇಹುಗಾರನೂ ಅಲ್ಲ, ಸುಳಿವಿನಿಂದ ಸುಳಿವಿಗೆ ನಡೆಯುವ ಪತ್ತೇದಾರನೂ ಅಲ್ಲ. ಪಿಸ್ತೂಲು ಹಿಡಿದ ರಾಜಕುಮಾರ. ಜಾನಪದ ಕಥೆಯ ರಾಜಕುಮಾರ ಏಳು ಸಮುದ್ರ ದಾಟುತ್ತಿದ್ದ. ಇವನು ಗೋವಾಕ್ಕೆ ಹೋಗುತ್ತಾನೆ, ಕಠ್ಮಂಡುವಿಗೆ ಹೋಗುತ್ತಾನೆ. ಗೋವಾ ಆಗ ಪೋರ್ಚುಗೀಸರಿಂದ ಬಿಡುಗಡೆ ಹೊಂದಿ ಏಳು ವರ್ಷವೂ ಆಗಿರಲಿಲ್ಲ. ನಮ್ಮ ಕಡೆಯ ಎಷ್ಟೋ ಜನ ಕೂಲಿಗೆಂದು ಅಲ್ಲಿಗೆ ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಸಾಹಸಕ್ಕೆಂದು ಹೋದ ಕನ್ನಡಿಗನನ್ನು ಚಿತ್ರ ತೋರಿಸಿತು; ಗಾರೆ ಕಲಸಲು ಹೋದವನನ್ನು ಅದು ಕಾಣಲಿಲ್ಲ.

ಎರಡನೆಯ ದೋಷ ಖಳರದು. ಕನ್ನಡ ಗದ್ಯದಲ್ಲಿ ಗೂಢಚರ್ಯೆಯ ಮಹಾಕಥೆ 1823ರಷ್ಟು ಹಿಂದೆಯೇ ಬಂದಿದೆ. ವಿಶಾಖದತ್ತನ 'ಮುದ್ರಾರಾಕ್ಷಸ'ದ ವಸ್ತುವನ್ನು ಆಧರಿಸಿ ಕೆಂಪುನಾರಾಯಣ ಬರೆದ 'ಮುದ್ರಾಮಂಜೂಷ'. ಅದನ್ನು ಓದಿದವರಿಗೆ ಗೊತ್ತು, ಅಲ್ಲಿ ಇಬ್ಬರು ಸಮಬಲರು ಎದುರಾಗುತ್ತಾರೆ. ಚಾಣಕ್ಯ ಬೇಹುಗಾರರ ಬಲೆಯನ್ನೇ ನೇಯ್ದು ಗೆಲ್ಲಲು ಹೊರಟದ್ದು ರಾಕ್ಷಸನೆಂಬ ಅಮಾತ್ಯನ ಪ್ರಾಣವನ್ನಲ್ಲ, ಅವನ ನಿಷ್ಠೆಯನ್ನು. ರಾಕ್ಷಸ ಸೋಲುವುದು ಕೂಡ ದೌರ್ಬಲ್ಯದಿಂದಲ್ಲ. ಗೆಳೆಯ ಚಂದನದಾಸನನ್ನು ಶೂಲಕ್ಕೇರಿಸುವುದನ್ನು ನೋಡಲಾರದ ಸ್ನೇಹದಿಂದ. ಶತ್ರುವಿಗೆ ಇಂಥ ಘನತೆಯನ್ನು ಕೊಟ್ಟ ಪರಂಪರೆ ನಮ್ಮಲ್ಲಿರುವಾಗ, ನಮ್ಮ ಬೆಳ್ಳಿತೆರೆಯ ಖಳರು ಅಟ್ಟಹಾಸ ಮಾಡಿ, ಗುಂಡಿ ಒತ್ತಿ, ಗುಂಡು ತಿಂದು ಬೀಳುವುದಕ್ಕಷ್ಟೇ ಹುಟ್ಟಿದವರಾದರು. ಅವರು ಏಕೆ ಹಾಗಾದರು ಎಂದು ಯಾರೂ ಕೇಳುವುದಿಲ್ಲ. ಅವರನ್ನು ಕೊಂದ ಮೇಲೆ 999ನಿಗೆ ರಾತ್ರಿ ನಿದ್ದೆ ಬಂತೇ ಎಂದೂ ಯಾರೂ ಕೇಳುವುದಿಲ್ಲ. ಬಾಂಡನ ದುಶ್ಚಟಗಳನ್ನು ಕಳಚುವ ಭರದಲ್ಲಿ ಅವನ ಒಂಟಿತನವನ್ನೂ ಕಳಚಿಬಿಟ್ಟರೆಂದು ತೋರುತ್ತದೆ. ಉಳಿದದ್ದು ಸದ್ಗುಣಿಯಾದ, ಆದರೆ ಒಳಗೆ ಕೋಣೆಯೇ ಇಲ್ಲದ ಮನೆ.

ಮೂರನೆಯದನ್ನು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ, ಆದರೂ ಹೇಳಬೇಕು. ಈ ಸರಣಿಯ ಸ್ತ್ರೀಯರು ಅಪಹರಣಕ್ಕೆ, ಹಾಡಿಗೆ, ಕ್ಲಬ್ಬಿನ ಕುಣಿತಕ್ಕೆ ಇದ್ದಾರೆ. ಜಯಂತಿಯವರಂಥ ಸಮರ್ಥ ನಟಿಗೂ ಇಲ್ಲಿ ಮಾಡಲು ಹೆಚ್ಚೇನಿಲ್ಲ. ಲಕ್ಷ್ಮಿಯವರು ಕನ್ನಡಕ್ಕೆ ಬಂದದ್ದು ಗೋವಾದ ಚಿತ್ರದಿಂದ. ಮುಂದೆ ಹಿಂದಿಯಲ್ಲಿ ಹೆಸರಾದ ರೇಖಾ ಮೊದಲ ಬಾರಿಗೆ ನಾಯಕಿಯಾದದ್ದು 1969ರ ಜಾಕ್‌ಪಾಟ್ ಚಿತ್ರದಿಂದ. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ರೇಖಾ ಹುಟ್ಟಿದ್ದು 1954ರ ಅಕ್ಟೋಬರಿನಲ್ಲಿ. ಲೆಕ್ಕ ಹಾಕಿ ನೋಡಿ: ನಾಯಕನಿಗೆ ನಲವತ್ತು, ನಾಯಕಿಗೆ ಹದಿನಾಲ್ಕೋ ಹದಿನೈದೋ. ಇದು ಒಂದು ಚಿತ್ರದ, ಒಬ್ಬ ನಟನ ತಪ್ಪಲ್ಲ; ಅಂದಿನ ಚಿತ್ರರಂಗವೆಲ್ಲ ಹಾಗೆಯೇ ನಡೆಯುತ್ತಿತ್ತು, ನೋಡುತ್ತಿದ್ದ ನಮಗೂ ಅದು ತಪ್ಪೆನಿಸಲಿಲ್ಲ. ನನಗೆ ಹಾಗೆನಿಸಿದ್ದು ನನ್ನ ಮೊಮ್ಮಗಳಿಗೆ ಹದಿನಾಲ್ಕು ತುಂಬಿದಾಗ.

ಇನ್ನೊಂದು ದೂರು ನಮ್ಮ ಸೀಮೆಯದು. 999 ಆಡುವುದು ಅಚ್ಚುಕಟ್ಟಾದ ಪುಸ್ತಕದ ಕನ್ನಡ. ತಿಕೋಟಾದ ಡೇರೆಯಲ್ಲಿ ಅದನ್ನು ನಾವು ಭಕ್ತಿಯಿಂದ ಕೇಳಿದೆವು. ಆದರೆ ನಮ್ಮ ಮಾತು ತೆರೆಯ ಮೇಲೆ ಬಂದಾಗಲೆಲ್ಲ ನಗಿಸುವುದಕ್ಕಾಗಿಯೇ ಬರುತ್ತಿತ್ತು. ಜೋಳದ ರೊಟ್ಟಿಯ ಭಾಷೆಯಲ್ಲಿ ದೇಶದ ಗುಟ್ಟನ್ನು ಕಾಯಬಹುದೆಂದು ಯಾರಿಗೂ ಹೊಳೆಯಲಿಲ್ಲ. ಗೂಢಚರ್ಯೆಗೆ ವಿಜಯಪುರಕ್ಕಿಂತ ತಕ್ಕ ಊರು ಯಾವುದಿದೆ? 1659ರಲ್ಲಿ ಅಫ್ಜಲಖಾನನು ಈ ಊರಿನಿಂದ ದಂಡೆತ್ತಿ ಹೋದಾಗ ಅವನ ಹೆಜ್ಜೆಹೆಜ್ಜೆಯ ಸುದ್ದಿ ಶಿವಾಜಿಗೆ ತಲುಪುತ್ತಿತ್ತು. ಬಹಿರ್ಜಿ ನಾಯಕನಂಥ ಬೇಹುಗಾರರನ್ನು ಆ ಅರಸ ಸಾಕಿದ್ದ. ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಂತೂ ಬೇಹುಗಾರನಿಗೆಂದೇ ಕಟ್ಟಿಸಿದಂತಿದೆ: ಈ ತುದಿಯಲ್ಲಿ ಗೋಡೆಗೆ ಬಾಯಿಟ್ಟು ಉಸುರಿದ ಮಾತು ಆ ತುದಿಯಲ್ಲಿ ಕಿವಿಯಿಟ್ಟವನಿಗೆ ಸ್ಪಷ್ಟವಾಗಿ ಕೇಳುತ್ತದೆ. ಈಗ ಅಲ್ಲಿಗೆ ಹೋದವರೆಲ್ಲ ಪ್ರತಿಧ್ವನಿಗಾಗಿ ಕೂಗುವವರೇ, ಪಿಸುಗುಟ್ಟುವವರು ಇಲ್ಲ.

'ಆಪರೇಷನ್ ಡೈಮಂಡ್ ರಾಕೆಟ್' ಬಂದಾಗ ನಾನು ವಿಜಾಪುರದಲ್ಲಿ ಕಾಲೇಜು ವಿದ್ಯಾರ್ಥಿ. ಬಬಲೇಶ್ವರದಿಂದ ನನ್ನ ಸೋದರಮಾವ ಅದನ್ನು ನೋಡಲೆಂದೇ ಬಂದರು. ಹೆಸರಿನ ಇಂಗ್ಲಿಷ್ ಶಬ್ದ ಕನ್ನಡ ಲಿಪಿಯಲ್ಲಿ ಮಾಡುವ ಚೇಷ್ಟೆಯಿಂದ, ವಜ್ರದ ರಾಕೆಟ್ಟೊಂದು ಆಕಾಶಕ್ಕೆ ಹಾರುವುದೆಂದು ಕೊನೆಯವರೆಗೂ ಕಾದು, ಹಾರದಿದ್ದುದಕ್ಕೆ ಮುನಿದು ಹೋದರು. ರಾಜ್‌ಕುಮಾರರಿಗೆ ಆಗ ನಲವತ್ತೊಂಬತ್ತು. ಪದ್ಮಪ್ರಿಯಾ ನಾಯಕಿ. ಬಣ್ಣ ಬಂದಿತ್ತು, ನೇಪಾಳದ ಬೆಟ್ಟಗಳು ಬಂದಿದ್ದವು; ಮೊದಲ ಚಿತ್ರದ ಬಿಗಿ ಹೋಗಿತ್ತು. ಆ ಚಿತ್ರದಲ್ಲಿ ಅವರು ಇಂಗ್ಲಿಷಿನಲ್ಲಿಯೇ ಒಂದು ಹಾಡನ್ನು ಹಾಡಿದ್ದಾರೆ. ಈಚಿನ ವರ್ಷಗಳಲ್ಲಿ ಅದು ಮೊಬೈಲುಗಳಲ್ಲಿ ಹರಿದಾಡಿ, ಕನ್ನಡ ಬಾರದವರನ್ನೂ ನಗಿಸಿದೆ. ನಾನೂ ನಕ್ಕಿದ್ದೇನೆ. ಆದರೆ ಪ್ರಾಥಮಿಕ ಶಾಲೆಯನ್ನೂ ಮುಗಿಸದೆ ನಾಟಕ ಕಂಪನಿ ಸೇರಿದ ಹುಡುಗ, ಐವತ್ತರ ಹೊಸ್ತಿಲಲ್ಲಿ ಅಳುಕದೆ ಪರಭಾಷೆಯಲ್ಲಿ ಹಾಡಿದ್ದನ್ನು ನೆನೆದರೆ ನಗೆ ಅರ್ಧಕ್ಕೆ ನಿಲ್ಲುತ್ತದೆ. ನಾಲ್ಕೇ ವರ್ಷಗಳ ಮೇಲೆ, 1982ರಲ್ಲಿ, ಅದೇ ನಟ ಗೋಕಾಕ್ ಚಳವಳಿಯ ಮುಂದಾಳುವಾದರು. ಇದರಲ್ಲಿ ವಿರೋಧಾಭಾಸವಿದೆಯೆಂದು ಧಾರವಾಡದಲ್ಲಿ ನಾವು ಎಂ.ಎ. ಗೆಳೆಯರು ರಾತ್ರಿಯೆಲ್ಲ ವಾದಿಸಿದೆವು. ಈಗ ನನಗೆ ಹಾಗೆ ಕಾಣುವುದಿಲ್ಲ. ಅಳುಕದೆ ಹಾಡಿದವನು ಅಳುಕದೆ ಕೇಳಿದ, ಅಷ್ಟೆ.

ನಿರ್ದೇಶಕರಿಗೂ ಈ ದಾರಿ ಮುಗಿಯುತ್ತಿದೆಯೆಂಬ ಅರಿವು ಮೊದಲೇ ಇದ್ದಿತೆಂದು ಕಾಣುತ್ತದೆ. 1971ರಲ್ಲಿಯೇ 'ಕಸ್ತೂರಿ ನಿವಾಸ' ಮಾಡಿ, 1974ರಲ್ಲಿ ವಾಣಿಯವರ ಕಾದಂಬರಿಯಿಂದ 'ಎರಡು ಕನಸು', 1976ರಲ್ಲಿ ಭಾರತೀಸುತರ ಕಾದಂಬರಿಯಿಂದ 'ಬಯಲು ದಾರಿ' ಮಾಡಿದರು. ಬಲೆ, ಗುಂಡು, ಗುಪ್ತದ್ವಾರಗಳಲ್ಲಿ ಕಲಿತ ವೇಗವನ್ನು ಅವರು ಕೌಟುಂಬಿಕ ಕಥೆಗಳಿಗೆ ಒಯ್ದರು. ಕಾದಂಬರಿಗಳು ಅವರಿಗೆ ಮನುಷ್ಯರನ್ನು ಕೊಟ್ಟವು. ಆ ಮನುಷ್ಯರಲ್ಲಿ ಒಬ್ಬನನ್ನಾದರೂ 999ನ ಜೊತೆ ಕಳಿಸಿಕೊಟ್ಟಿದ್ದರೆ! ಎಸ್.ಕೆ. ಭಗವಾನ್ 2023ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಪತ್ರಿಕೆಗಳು ಈ ಎರಡೂ ಮುಖಗಳನ್ನು ನೆನೆದವು.

ದೂರದರ್ಶನದ ಬಗ್ಗೆ ಎರಡು ಮಾತು. ಅದು ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಮೊದಲು ಬಂದದ್ದು 1975ರಲ್ಲಿ, ಉಪಗ್ರಹದ ಪ್ರಯೋಗವಾಗಿ. ಒಂದು ವರ್ಷ ಬೇಸಾಯದ ಪಾಠ ಹೇಳಿ ಹೋಯಿತು. ಅನಂತರ 1993ರಲ್ಲಿ ಬಾಸು ಚಟರ್ಜಿಯವರ 'ಬ್ಯೋಮಕೇಶ ಬಕ್ಷಿ' ಬಂದಾಗ, ಪತ್ತೇದಾರನೊಬ್ಬ ಸುಮ್ಮನೆ ಕುಳಿತು ಕೇಳಿಸಿಕೊಳ್ಳುವುದನ್ನು ಕಂಡೆ. ಹಿಂದಿಯ 'ಸಿ.ಐ.ಡಿ.' ಧಾರಾವಾಹಿ 1998ರಿಂದ 2018ರವರೆಗೆ ನಡೆದು, 2024ರ ಡಿಸೆಂಬರಿನಲ್ಲಿ ಮತ್ತೆ ಆರಂಭವಾಯಿತು. ನಮ್ಮ ಮನೆಯಲ್ಲಿ ಅದಕ್ಕೆ ನಿಷ್ಠಾವಂತ ಪ್ರೇಕ್ಷಕರಿದ್ದಾರೆ. ಬಾಗಿಲು ಒಡೆಯುವುದರಲ್ಲಿ ಆ ತಂಡಕ್ಕಿರುವ ಪರಿಣತಿಯನ್ನು ನಾನೂ ಮೆಚ್ಚುತ್ತೇನೆ. ಹೆಚ್ಚು ಹೇಳಲಾರೆ.

ಕೊನೆಗೆ ನನ್ನದೇ ಒಂದು ತಪ್ಪನ್ನು ಹೇಳಬೇಕು. ಈ ಭಾಷಣಕ್ಕೆ ಅದೇ ಕಾರಣ.

ಸಿನಿಮಾದ 999ನಿಗಿಂತ ಮೊದಲೇ ಕನ್ನಡದಲ್ಲಿ ಅಗ್ಗದ ಕಾಗದದ ಪತ್ತೇದಾರಿ ಕಾದಂಬರಿಗಳಿದ್ದವು. ನಾಲ್ಕನೆಯ ತರಗತಿಯಷ್ಟೇ ಓದಿ, ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಹಿರಿಯರು ಬಲ್ಲರು. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಥೆಗಳನ್ನು ಬರೆದವರೇ. ಸುಮಾರು 1994ರಲ್ಲಿ ಬಬಲೇಶ್ವರದ ಕಡೆಯ ಹಳ್ಳಿಯಿಂದ ಬಂದ ವಿದ್ಯಾರ್ಥಿಯೊಬ್ಬ ಈ ಸಾಹಿತ್ಯದ ಮೇಲೆ ಪ್ರಬಂಧ ಬರೆಯುವೆನೆಂದು ನನ್ನಲ್ಲಿಗೆ ಬಂದ. ಕೈಯಲ್ಲಿ ಒಂದು ಟಿಪ್ಪಣಿ ಪುಸ್ತಕವಿತ್ತು. ನಾನು ಅದನ್ನು ತೆರೆಯಲೂ ಇಲ್ಲ. "ಇದೆಲ್ಲ ಬಸ್ ನಿಲ್ದಾಣದ ಸಾಹಿತ್ಯ, ವಚನಗಳ ಮೇಲೆ ಬರೆ" ಎಂದೆ. "ಸರ್, ನಾ ಓದಾಕ ಕಲ್ತದ್ದ ಇವುಗಳಿಂದ" ಎಂದ. ನಾನು ಗಡಿಯಾರ ನೋಡಿಕೊಂಡೆ. ಅವನು ವಿಧೇಯನಾಗಿ ವಚನಗಳ ಮೇಲೆ ನೂರು ಪುಟಗಳನ್ನು ಬರೆದ. ಅದರಲ್ಲಿ ಒಂದು ಸಾಲೂ ಅವನದಾಗಿರಲಿಲ್ಲ. ನಾನು ಒಳ್ಳೆಯ ಅಂಕ ಕೊಟ್ಟೆ.

ಕಳೆದ ವರ್ಷ ಒಂದು ಮದುವೆಗೆಂದು ಬಬಲೇಶ್ವರಕ್ಕೆ ಹೋಗಿದ್ದೆ. ಹಂದರದಲ್ಲಿ ಅವನೇ ಬಂದು ಮಾತನಾಡಿಸಿದ. ಈಗ ಶಾಲೆಯ ಮಾಸ್ತರ, ತಲೆ ನರೆತಿದೆ. ಆ ಕಾದಂಬರಿಗಳೆಲ್ಲ ಏನಾದವು ಎಂದೆ. ರದ್ದಿಗೆ ಹೋದವೆಂದ. ಟಿಪ್ಪಣಿ ಪುಸ್ತಕ ಮಾತ್ರ ಉಳಿದಿದೆಯೆಂದು ಹೇಳಿ, ಊಟವಾಗುವಷ್ಟರಲ್ಲಿ ಮನೆಗೆ ಹೋಗಿ ತಂದುಕೊಟ್ಟ.

ಅದು ಈಗ ನನ್ನ ಮೇಜಿನ ಮೇಲಿದೆ. ಇನ್ನೂರಕ್ಕೂ ಹೆಚ್ಚು ಕಾದಂಬರಿಗಳ ಕಥಾಸಾರ, ಪತ್ತೇದಾರರ ಹೆಸರು, ಅಪರಾಧದ ಬಗೆ, ಯಾರು ಯಾವ ವೇಷ ಹಾಕುತ್ತಾರೆ ಎಂಬುದರ ಕೋಷ್ಟಕ—ಎಲ್ಲ ಪೆನ್ಸಿಲಿನಲ್ಲಿ. ಜೇಡರ ಬಲೆಯ 999ನಿಗೂ ಒಂದು ಸಾಲು ಇದೆ. ವೇಷದ ಅಂಕಣದಲ್ಲಿ 'ಇಲ್ಲ' ಎಂದು ಬರೆದು ಎರಡು ಗೆರೆ ಎಳೆದಿದ್ದಾನೆ. ಮೊದಲ ಪುಟದಲ್ಲಿ, ಪಟ್ಟಿಯ ಮೊದಲ ಹೆಸರಾಗಿ, 'ಮುದ್ರಾಮಂಜೂಷ, 1823' ಎಂದಿದೆ.